ಕಾಳಿ ಅಳಿವೆಯಲ್ಲಿ ಸಿಕ್ಕ ಕೊರಡನ್ನು ಮೀನಿನ ತೊಟ್ಟಿಯಲ್ಲಿ ಇಡಬಹುದೇ?

ಕಾಳಿದಂಡೆ (ಕಾರವಾರ):

ಎಲ್ಲರಿಗೂ ನಮಸ್ಕಾರ. ನನ್ನ ಮನೆ ಕಾರವಾರದ ಕೋಡಿಬಾಗದ ಸಮೀಪದಲ್ಲಿದೆ. ಮೂರು ಅಡಿ ಉದ್ದ, ಒಂದು ಅಡಿ ಅಗಲ, ಒಂದೂವರೆ ಅಡಿ ಎತ್ತರದ ಗಾಜಿನ ತೊಟ್ಟಿಯನ್ನು ಎರಡು ವರ್ಷಗಳಿಂದ ನಡೆಸಿಕೊಂಡು ಬಂದಿದ್ದೇನೆ. ತಳದ ಮರಳನ್ನು ಕಳೆದರೆ ಅದು ಸುಮಾರು 110 ಲೀಟರ್ ನೀರು ಹಿಡಿಯುತ್ತದೆ. ಅದರಲ್ಲಿ ಹದಿನೈದು ನಿಯಾನ್ ಟೆಟ್ರಾ, ಆರು ಕೋರಿಡೋರಾಸ್ ಮೀನುಗಳು ಮತ್ತು ಹತ್ತಾರು ಬಸವನಹುಳುಗಳಿವೆ. ನೀರು ಮನೆಯ ಹಿತ್ತಲಿನ ಚಿರೆಕಲ್ಲು ಬಾವಿಯದು. ವಾರಕ್ಕೊಮ್ಮೆ ಕಾಲು ಭಾಗ ನೀರನ್ನು ಬದಲಿಸುತ್ತೇನೆ. ಇತ್ತೀಚೆಗೆ ಬಸವನಹುಳುಗಳ ಚಿಪ್ಪಿನ ತುದಿ ಬೆಳ್ಳಗಾಗಿ ಸವೆಯುತ್ತಿರುವುದೊಂದನ್ನು ಬಿಟ್ಟರೆ (ಅವುಗಳಿಗೆ ವಯಸ್ಸಾಯಿತೆಂದು ನಾನು ತಿಳಿದಿದ್ದೇನೆ) ತೊಟ್ಟಿ ಆರೋಗ್ಯವಾಗಿಯೇ ಇದೆ.

ಕಳೆದ ಆಗಸ್ಟ್ ತಿಂಗಳಿನಲ್ಲಿ, ಮಳೆ ಬಿರುಸಾಗಿ ಕದ್ರಾ ಅಣೆಕಟ್ಟೆಯ ಗೇಟುಗಳನ್ನು ತೆರೆದ ದಿನಗಳ ನಂತರ, ಕಾಳಿ ನದಿ ಸಮುದ್ರ ಸೇರುವಲ್ಲಿನ ಮರಳಿನ ಮೇಲೆ ಒಂದು ಬೇರುಬುಡ ನನ್ನ ಕಣ್ಣಿಗೆ ಬಿತ್ತು. ಎರಡು ಅಡಿ ಉದ್ದದ, ಕೈಬೆರಳುಗಳಂತೆ ಐದು ಬೇರುಗಳು ಚಾಚಿಕೊಂಡಿರುವ, ತೊಗಟೆಯೆಲ್ಲ ಕಳಚಿಹೋಗಿ ನುಣುಪಾದ ಗಟ್ಟಿ ಕೊರಡು ಅದು. ಯಾವ ಮರದ್ದೆಂದು ಹೇಳಲಾರೆ. ಎರಡು ತಿಂಗಳು ತಾರಸಿಯ ಮೇಲೆ ಒಣಗಿಸಿದ್ದೇನೆ. ಒಂದು ಬೇರಿನಲ್ಲಿ ಮಾತ್ರ ಪೆನ್ಸಿಲ್ ತೂರುವಷ್ಟು ದಪ್ಪದ ತೂತುಗಳಿದ್ದು, ಅವುಗಳ ಒಳಗೋಡೆಗೆ ಸುಣ್ಣ ಬಳಿದಂತೆ ಬಿಳಿ ಲೇಪವಿದೆ.

ತೆಂಗಿನ ನಾರಿನಿಂದ ತಿಕ್ಕಿ ತೊಳೆದು, ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ಬಾವಿಯ ನೀರು ತುಂಬಿ ಮುಳುಗಿಸಿಟ್ಟೆ. ಮರುದಿನವೇ ನೀರು ಕಪ್ಪು ಚಹಾದ ಬಣ್ಣಕ್ಕೆ ತಿರುಗಿತು. ಕೊರಡಿನ ಒಂದು ತುದಿ ಇನ್ನೂ ತೇಲುತ್ತಿದೆ. ಅಂತರಜಾಲದ ವಿಡಿಯೋಗಳಲ್ಲಿ ಒಬ್ಬರು ಕುದಿಸಿ ಎನ್ನುತ್ತಾರೆ, ಇನ್ನೊಬ್ಬರು ಬ್ಲೀಚಿಂಗ್ ಪುಡಿಯಲ್ಲಿ ನೆನೆಸಿ ಎನ್ನುತ್ತಾರೆ, ಮತ್ತೊಬ್ಬರು ಓವನ್ನಿನಲ್ಲಿ ಬೇಯಿಸಿ ಎನ್ನುತ್ತಾರೆ. ಅಷ್ಟು ದೊಡ್ಡ ಪಾತ್ರೆ ನಮ್ಮಲ್ಲಿರುವುದು ಬಚ್ಚಲಮನೆಯ ತಾಮ್ರದ ಹಂಡೆ ಒಂದೇ. ನಮ್ಮ ಅಮ್ಮನ ಅಭಿಪ್ರಾಯದಲ್ಲಿ ಈ ಕೊರಡಿಗೆ ಸರಿಯಾದ ಜಾಗ ಹಂಡೆಯ ಒಳಗಲ್ಲ, ಅದರ ಕೆಳಗಿನ ಒಲೆ.

ಸಮುದ್ರದ ಉಪ್ಪು ಪೂರ್ತಿ ಹೋಗಿದೆಯೆಂದು ತಿಳಿಯುವುದು ಹೇಗೆ, ಕಂದು ನೀರಿನಿಂದ ಮೀನುಗಳಿಗೆ ತೊಂದರೆಯಿದೆಯೇ, ಆ ತೂತುಗಳನ್ನು ಏನು ಮಾಡಬೇಕು ಎಂಬುದನ್ನು ಅನುಭವಸ್ಥರು ದಯವಿಟ್ಟು ತಿಳಿಸಬೇಕು.

ತೋಟದಮನೆ (ಶಿರಸಿ):

ನಮಸ್ಕಾರ. ಮೊದಲು ಹಂಡೆಯ ವಿಚಾರವನ್ನು ಹೇಳಿಬಿಡುತ್ತೇನೆ, ಏಕೆಂದರೆ ನೀವು ಇವತ್ತೇ ಒಲೆ ಹಚ್ಚಿಬಿಟ್ಟರೆ ಉಳಿದದ್ದನ್ನು ಹೇಳಿ ಪ್ರಯೋಜನವಿಲ್ಲ. ತಾಮ್ರದ ಹಂಡೆಯಲ್ಲಿ ಕೊರಡನ್ನು ಕುದಿಸಬೇಡಿ. ಕಟ್ಟಿಗೆಯಿಂದ ಹೊರಬರುವ ಆ ಕಂದು ಬಣ್ಣ ನಮ್ಮ ಕಡೆಯವರಿಗೆ ಹೊಸದೇನಲ್ಲ. ಅಡಿಕೆ ಬೇಯಿಸಿದಾಗ ಹಂಡೆಯಲ್ಲಿ ಉಳಿಯುವ ಚೊಗರಿಗೂ ಅದಕ್ಕೂ ಒಂದೇ ಕುಲ. ಎರಡರಲ್ಲಿಯೂ ಇರುವುದು ಟ್ಯಾನಿನ್ ಎಂಬ ಒಗರು ಪದಾರ್ಥ. ಅದು ಆಮ್ಲೀಯವಾದ್ದರಿಂದ ಕುದಿಯುವಾಗ ತಾಮ್ರವನ್ನು ಅಷ್ಟಿಷ್ಟು ಕರಗಿಸಿಕೊಳ್ಳುತ್ತದೆ, ಕಟ್ಟಿಗೆಯ ನಾರು ಆ ನೀರನ್ನು ಹೀರಿಕೊಳ್ಳುತ್ತದೆ. ಮನುಷ್ಯರಿಗೆ ಲೆಕ್ಕಕ್ಕೇ ಬಾರದಷ್ಟು ತಾಮ್ರ ಸಿಗಡಿಗೂ ಬಸವನಹುಳುವಿಗೂ ವಿಷ. ಕೆಲವು ವರ್ಷಗಳ ಹಿಂದೆ ನಾನು ಒಂದು ಹೊನ್ನೆಯ ಬೇರನ್ನು ಹಂಡೆಯಲ್ಲಿ ಎರಡು ತಾಸು ಕುದಿಸಿ, ತಣಿದ ಮೇಲೆ ನೇರವಾಗಿ ತೊಟ್ಟಿಗೆ ಇಳಿಸಿದೆ. ನಾಲ್ಕನೆಯ ದಿನಕ್ಕೆ ಒಂದು ಸಿಗಡಿಯೂ ಉಳಿದಿರಲಿಲ್ಲ; ಮೀನುಗಳಿಗೆ ಏನೂ ಆಗಿರಲಿಲ್ಲ. ತಾಮ್ರವೇ ಕಾರಣವೆಂದು ಪರೀಕ್ಷೆ ಮಾಡಿ ಸಾಬೀತುಪಡಿಸಿದವನು ನಾನಲ್ಲವಾದರೂ, ಆಮೇಲೆ ಅಲ್ಯೂಮಿನಿಯಂ ಪಾತ್ರೆಯಲ್ಲಿ ಕುದಿಸಿದ ನಾಲ್ಕು ಕೊರಡುಗಳಿಂದ ಒಂದು ಸಾವೂ ಆಗಿಲ್ಲ. ಮದುವೆಮನೆಯ ಅಡುಗೆಗೆ ಬಾಡಿಗೆಗೆ ಸಿಗುವ ದೊಡ್ಡ ಪಾತ್ರೆಯಾದರೆ ಎರಡು ಅಡಿಯ ಬೇರುಬುಡ ಸಲೀಸಾಗಿ ಹಿಡಿಯುತ್ತದೆ.

ಕುದಿಸುವ ಉದ್ದೇಶವೇನು ಎಂಬುದನ್ನು ಸ್ಪಷ್ಟ ಮಾಡಿಕೊಂಡರೆ ವಿಡಿಯೋಗಳ ಗೊಂದಲ ಅರ್ಧ ಕಡಿಮೆಯಾಗುತ್ತದೆ. ಕುದಿ ನೀರು ಬೂಸಿನ ಬೀಜಕಣಗಳನ್ನೂ ಹುಳುಗಳ ಮೊಟ್ಟೆಗಳನ್ನೂ ಕೊಲ್ಲುತ್ತದೆ, ನಾರಿನೊಳಗಿನ ಗಾಳಿಯನ್ನು ಹೊರಡಿಸಿ ಕೊರಡು ಬೇಗ ಮುಳುಗುವಂತೆ ಮಾಡುತ್ತದೆ, ಚೊಗರನ್ನೂ ವೇಗವಾಗಿ ಹೊರಗೆಳೆಯುತ್ತದೆ. ಒಂದೆರಡು ತಾಸು ಸಾಕು. ದಿನವಿಡೀ ಕುದಿಸಿದರೆ ನಾರು ಸಡಿಲವಾಗಿ ಕೊರಡು ಬೇಗ ಕೊಳೆಯಲು ದಾರಿಯಾಗುತ್ತದೆ. ಓವನ್ನಿನ ಮಾತನ್ನು ಮರೆತುಬಿಡಿ, ಒಣ ಕಟ್ಟಿಗೆಯನ್ನು ಓವನ್ನಿನಲ್ಲಿ ಕಾಯಿಸುವುದು ಬೆಂಕಿಯೊಡನೆ ಆಟ. ಬ್ಲೀಚಿಂಗ್ ಪುಡಿ ಕಲ್ಲಿಗಾದರೆ ಸರಿ. ಕಟ್ಟಿಗೆ ಸ್ಪಂಜಿನಂತೆ ಕ್ಲೋರಿನನ್ನು ಹೀರಿಕೊಂಡು ಆಮೇಲೆ ನಿಧಾನವಾಗಿ ಬಿಡುತ್ತದೆ. ಸಾಬೂನಿಗೂ ಇದೇ ಮಾತು ಅನ್ವಯಿಸುತ್ತದೆ.

ಇನ್ನು ನೀವು ಕಂಸದಲ್ಲಿ ಹೇಳಿ ಮುಗಿಸಿದ ಸಂಗತಿಗೆ ಬರುತ್ತೇನೆ. ಬಸವನಹುಳುವಿನ ಚಿಪ್ಪು ತುದಿಯಿಂದ ಬೆಳ್ಳಗಾಗಿ ಸವೆಯುತ್ತಿದ್ದರೆ ಅದರ ವಯಸ್ಸನ್ನು ದೂರುವ ಮೊದಲು ನೀರನ್ನು ಪರೀಕ್ಷಿಸಬೇಕು. ನಮ್ಮ ಜಿಲ್ಲೆಯ ಚಿರೆಕಲ್ಲಿನ ನೆಲದಲ್ಲಿ ಯುಗಯುಗಗಳ ಮಳೆ ಸುಣ್ಣದಂಶವನ್ನೆಲ್ಲ ತೊಳೆದು ಒಯ್ದು, ಕಬ್ಬಿಣ ಮತ್ತು ಅಲ್ಯೂಮಿನಿಯಂ ಆಕ್ಸೈಡುಗಳನ್ನು ಉಳಿಸಿಟ್ಟಿದೆ. ಅಂತಹ ನೆಲದ ಬಾವಿ ನೀರು ಸಾಮಾನ್ಯವಾಗಿ ಮೆದುವಾಗಿಯೂ ತುಸು ಆಮ್ಲೀಯವಾಗಿಯೂ ಇರುತ್ತದೆ. ಬಯಲುಸೀಮೆಯ ಕೊಳವೆಬಾವಿಯ ಗಡಸು ನೀರಿನಲ್ಲಿ ಬೈಕಾರ್ಬೊನೇಟ್ ಧಾರಾಳವಾಗಿರುವುದರಿಂದ ಕೊರಡು ಬಿಡುವ ಆಮ್ಲವೆಲ್ಲ ಅಲ್ಲಿಯೇ ತಟಸ್ಥವಾಗುತ್ತದೆ. ಆ ಊರಿನವರು ‘ಡ್ರಿಫ್ಟ್‌ವುಡ್ ಇಟ್ಟರೂ ಪಿಎಚ್ (ನೀರಿನ ಆಮ್ಲೀಯತೆಯ ಅಂಕಿ) ಕದಲುವುದಿಲ್ಲ’ ಎಂದು ಹೇಳಿದರೆ ಅವರ ಮಟ್ಟಿಗೆ ಅದು ನಿಜವೇ. ನಮ್ಮ ಬಾವಿ ನೀರಿನಲ್ಲಿ ಅಷ್ಟು ಬೈಕಾರ್ಬೊನೇಟಿನ ದಾಸ್ತಾನು ಇಲ್ಲ. ಹಾಗಾಗಿ ಅದೇ ಗಾತ್ರದ ಕೊರಡು ಅಲ್ಲಿ ಬಣ್ಣವನ್ನಷ್ಟೇ ಬಿಟ್ಟರೆ ಇಲ್ಲಿ ಪಿಎಚ್ ಅನ್ನೂ ಕೆಳಗಿಳಿಸಬಲ್ಲದು. ಪಿಎಚ್ ಒಂದು ಅಂಕಿ ಇಳಿಯಿತೆಂದರೆ ಆಮ್ಲೀಯತೆ ಹತ್ತು ಪಟ್ಟು ಏರಿತೆಂದು ಅರ್ಥ.

ದಯವಿಟ್ಟು ಹನಿ ಹಾಕಿ ನೋಡುವ ಪರೀಕ್ಷಾ ಕಿಟ್ ಒಂದನ್ನು ತರಿಸಿಕೊಂಡು, ಬಾವಿಯ ನೀರು ಮತ್ತು ತೊಟ್ಟಿಯ ನೀರು ಎರಡರಲ್ಲಿಯೂ ಪಿಎಚ್, ಕಾರ್ಬೊನೇಟ್ ಗಡಸುತನ (ಆಮ್ಲವನ್ನು ತಟಸ್ಥಗೊಳಿಸುವ ನೀರಿನ ಶಕ್ತಿ; ಕಿಟ್‌ಗಳಲ್ಲಿ ಕೆಎಚ್ ಎಂದು ಬರೆದಿರುತ್ತದೆ) ಮತ್ತು ಅಮೋನಿಯಾ (ಮೀನಿನ ಹೊಲಸಿನಿಂದ ಬರುವ ವಿಷ) ಎಷ್ಟಿದೆ ಎಂದು ನೋಡಿ ಇಲ್ಲಿ ಬರೆಯಿರಿ. ಕಾಗದದ ಪಟ್ಟಿಗಳು ಇಷ್ಟು ಮೆದು ನೀರಿನಲ್ಲಿ ನಂಬುವಂತಹ ಅಂಕಿಯನ್ನು ಕೊಡುವುದಿಲ್ಲ.

ದೋಣಿಕಟ್ಟೆ (ಅಂಕೋಲಾ):

ತೂತುಗಳ ಬಗ್ಗೆ ನಾನು ಹೇಳಬಲ್ಲೆ, ಏಕೆಂದರೆ ನಮ್ಮ ಮನೆತನದವರು ಮರದ ದೋಣಿಗಳನ್ನು ಇಟ್ಟುಕೊಂಡಿದ್ದವರು. ನೀವು ವರ್ಣಿಸಿದ ಬಿಳಿ ಲೇಪದ ತೂತು ಹಡಗುಹುಳು ಕೊರೆದದ್ದು. ಹುಳುವೆಂದು ಕರೆದರೂ ಅದು ಚಿಪ್ಪೆಕಲ್ಲಿನ ಬಳಗದ ಪ್ರಾಣಿ. ತಲೆಯ ಕಡೆಯಿರುವ ಎರಡು ಪುಟ್ಟ ಚಿಪ್ಪುಗಳಿಂದ ಮರವನ್ನು ಅರೆಯುತ್ತಾ ಮುಂದೆ ಸಾಗುತ್ತದೆ, ತಾನು ಹೋದ ದಾರಿಗೆ ಸುಣ್ಣದ ಗಿಲಾವು ಮಾಡುತ್ತದೆ. ಇದನ್ನು ತಡೆಯಲೆಂದೇ ಹಿಂದಿನವರು ದೋಣಿಯ ಅಡಿಗೆ ಗೇರುಬೀಜದ ಸಿಪ್ಪೆಯ ಎಣ್ಣೆಯನ್ನೂ ಮೀನೆಣ್ಣೆಯನ್ನೂ ಬಳಿಯುತ್ತಿದ್ದರು. ಸಿಹಿನೀರಿನಲ್ಲಿ ಈ ಪ್ರಾಣಿ ಸಾಮಾನ್ಯವಾಗಿ ಬದುಕುವುದಿಲ್ಲ, ಎರಡು ತಿಂಗಳು ಒಣಗಿಸಿದ ಮೇಲಂತೂ ಪ್ರಶ್ನೆಯೇ ಇಲ್ಲ. ಆದ್ದರಿಂದ ಅದು ತೊಟ್ಟಿಯಲ್ಲಿ ಹರಡುವ ಭಯ ಬೇಡ. ತೊಂದರೆಯಿರುವುದು ಸತ್ತುಹೋದದ್ದರಿಂದ. ತೂತಿನೊಳಗೆ ಉಳಿದ ಒಣ ಮಾಂಸ ನೀರಿಗೆ ಬಿದ್ದೊಡನೆ ಕೊಳೆತು ಅಮೋನಿಯಾ ಬಿಡುತ್ತದೆ. ಸೈಕಲ್ಲಿನ ಕಡ್ಡಿಯೊಂದನ್ನು ತೂತಿನ ಕೊನೆಯವರೆಗೆ ತೂರಿಸಿ ಕೆದಕಿ, ಪೈಪಿನ ನೀರನ್ನು ರಭಸವಾಗಿ ಬಿಟ್ಟು ತೊಳೆಯಿರಿ. ಆ ಬೇರನ್ನು ಉಗುರಿನಿಂದ ಒತ್ತಿ ನೋಡಿದಾಗ ಉಗುರು ಒಳಗೆ ಇಳಿಯುವಷ್ಟು ಮೆತ್ತಗಿದ್ದರೆ ಗರಗಸದಿಂದ ಕತ್ತರಿಸಿ ತೆಗೆಯುವುದು ಲೇಸು.

ಈ ತೂತುಗಳು ಇನ್ನೊಂದು ವಿಷಯವನ್ನೂ ತಿಳಿಸುತ್ತವೆ. ಕದ್ರಾದ ನೆರೆಯಲ್ಲಿ ಮೊನ್ನೆ ಮೊನ್ನೆ ಇಳಿದು ಬಂದ ಕೊರಡಿನಲ್ಲಿ ಹಡಗುಹುಳು ಅಷ್ಟು ಉದ್ದ ಕೊರೆದಿರಲು ಸಾಧ್ಯವಿಲ್ಲ. ನಿಮ್ಮ ಬೇರುಬುಡ ಉಪ್ಪು ನೀರಿನಲ್ಲಿ ತಿಂಗಳುಗಟ್ಟಲೆ ಬಿದ್ದಿದ್ದು, ಈ ಮಳೆಗಾಲದ ತೆರೆಗಳು ಅದನ್ನು ದಡಕ್ಕೆ ಎತ್ತಿ ಹಾಕಿರಬೇಕು. ಎಂದ ಮೇಲೆ ಉಪ್ಪು ಮೇಲ್ಮೈಯಲ್ಲಷ್ಟೇ ಅಲ್ಲ, ತಿರುಳಿನವರೆಗೂ ಇಳಿದಿರುತ್ತದೆ. ಅದನ್ನು ತಿಳಿಯಲು, ನೀರಿನಲ್ಲಿ ಕರಗಿದ ಲವಣಗಳನ್ನು ಅಳೆಯುವ ಟಿಡಿಎಸ್ ಮೀಟರ್ ಎಂಬ ಪೆನ್ನಿನಂತಹ ಸಾಧನ ಸಾಕು. ಬಾವಿಯ ನೀರನ್ನು ಮೊದಲು ಅಳೆದು ಬರೆದಿಟ್ಟುಕೊಳ್ಳಿ, ಅದೇ ನೀರಿನಲ್ಲಿ ಕೊರಡನ್ನು ಮೂರು ದಿನ ಮುಳುಗಿಸಿ ಮತ್ತೆ ಅಳೆಯಿರಿ, ನೀರು ಚೆಲ್ಲಿ ಹೊಸ ನೀರು ತುಂಬಿ. ಎರಡು ಅಳತೆಗಳ ನಡುವಿನ ಅಂತರ ಪ್ರತಿ ಸಲವೂ ಕುಗ್ಗುತ್ತಾ ಬಂದು ಇಪ್ಪತ್ತು ಮೂವತ್ತಕ್ಕೆ ನಿಂತರೆ ಉಪ್ಪು ಹೋಗಿದೆಯೆಂದು ತಿಳಿಯಬಹುದು. ನಾಲಿಗೆಯಿಂದ ನೆಕ್ಕಿ ನೋಡುವವರೂ ಇದ್ದಾರೆ. ಯಾವ ಮರವೆಂದೇ ತಿಳಿಯದ ಕೊರಡಿನ ವಿಷಯದಲ್ಲಿ ಆ ಸಾಹಸ ಬೇಡ.

ಇದನ್ನು ಓದುತ್ತಿರುವ ಬೇರೆಯವರಿಗೂ ಒಂದು ಮಾತು. ದಡದಲ್ಲಿ ಸಿಗುವ ಹಳೆಯ ದೋಣಿಯ ಹಲಗೆ, ಪಕ್ಕೆಲುಬುಗಳು ನೋಡಲು ಎಷ್ಟೇ ಅಂದವಾಗಿದ್ದರೂ ತೊಟ್ಟಿಗೆ ಯೋಗ್ಯವಲ್ಲ. ಅವುಗಳಿಗೆ ಡಾಂಬರು, ಎಣ್ಣೆ ಮತ್ತು ತಾಮ್ರಯುಕ್ತ ಬಣ್ಣಗಳನ್ನು ವರ್ಷ ವರ್ಷವೂ ಬಳಿದಿರುತ್ತಾರೆ. ಎಷ್ಟು ಕುದಿಸಿದರೂ ಅವು ಬಿಡುವುದಿಲ್ಲ.

ಮಳೆನೀರು (ಹೊನ್ನಾವರ):

ತೋಟದಮನೆಯವರ ಮಾತಿಗೆ ಸಣ್ಣದೊಂದು ಆಕ್ಷೇಪವಿದೆ. ಚೊಗರನ್ನು ಶತ್ರುವಿನಂತೆ ಹೊರಗಟ್ಟುವ ಅಗತ್ಯವೇನಿದೆ? ನಿಯಾನ್ ಟೆಟ್ರಾಗಳ ತವರು ಅಮೆಜಾನ್ ಕಣಿವೆಯ ಹೊಳೆಗಳು. ಅವುಗಳ ಹತ್ತಿರದ ನೆಂಟ ಕಾರ್ಡಿನಲ್ ಟೆಟ್ರಾ ಬದುಕುವ ರಿಯೋ ನೆಗ್ರೋದ ನೀರು ಚಹಾದಷ್ಟು ಕಪ್ಪಾಗಿದ್ದು ಅದರ ಪಿಎಚ್ 5ರ ಆಸುಪಾಸಿನಲ್ಲಿರುತ್ತದೆ. ನಾನು ಬೆಟ್ಟಾ ಮೀನುಗಳ ತೊಟ್ಟಿಗೆ ಒಣಗಿ ಉದುರಿದ ಕಾಡುಬಾದಾಮಿ ಎಲೆಗಳನ್ನು ಬೇಕೆಂದೇ ಹಾಕುತ್ತೇನೆ, ಆ ಎಲೆ ಬಿಡುವ ಬಣ್ಣವೂ ಇದೇ ಟ್ಯಾನಿನ್ನಿನದು. ಬೂಸಿನ ಕಾಟ ಕಡಿಮೆಯಾಗಿದೆ, ಮೀನುಗಳು ನೆಮ್ಮದಿಯಾಗಿ ಮೊಟ್ಟೆಯಿಡುತ್ತಿವೆ. ಬಣ್ಣ ಕಣ್ಣಿಗೆ ಹಿಡಿಸದಿದ್ದರೆ ಫಿಲ್ಟರಿನಲ್ಲಿ ಸಕ್ರಿಯ ಇದ್ದಿಲಿನ ಚೀಲವನ್ನು ಇಟ್ಟರೆ ವಾರದಲ್ಲಿ ನೀರು ತಿಳಿಯಾಗುತ್ತದೆ. ಅಷ್ಟಕ್ಕೆ ಇಷ್ಟು ಪರೀಕ್ಷೆಗಳೇಕೆ?

ತೋಟದಮನೆ (ಶಿರಸಿ):

ಮೀನಿನ ಮಟ್ಟಿಗೆ ನಿಮ್ಮ ಮಾತನ್ನು ಒಪ್ಪುತ್ತೇನೆ. ಕಂದು ಬಣ್ಣದಿಂದ ಟೆಟ್ರಾಗಳಿಗೆ ಹಾನಿಯಿಲ್ಲ, ಹಿತವೇ ಇದೆ. ಆದರೆ ಆ ತೊಟ್ಟಿಯಲ್ಲಿ ಸುಣ್ಣದ ಚಿಪ್ಪು ಹೊತ್ತ ಪ್ರಾಣಿಗಳೂ ಇವೆ, ಅಮೋನಿಯಾವನ್ನು ನೈಟ್ರೇಟ್ ಆಗಿ ಮಾಡುವ ಸೂಕ್ಷ್ಮಾಣುಗಳೂ ಇವೆ. ಪಿಎಚ್ 6.5ಕ್ಕಿಂತ ಕೆಳಗಿಳಿದಂತೆ ಆ ಸೂಕ್ಷ್ಮಾಣುಗಳ ಕೆಲಸ ಮಂದವಾಗುತ್ತದೆ, 6ರ ಕೆಳಗೆ ಬಹುಮಟ್ಟಿಗೆ ನಿಂತೇಹೋಗುತ್ತದೆ. ರಿಯೋ ನೆಗ್ರೋದಲ್ಲಿ ಮೀನಿನ ಹೊಲಸನ್ನು ಕೊಚ್ಚಿಕೊಂಡು ಹೋಗಲು ಒಂದು ಮಹಾನದಿಯೇ ಇದೆ. ಇಲ್ಲಿರುವುದು 110 ಲೀಟರ್. ಹಾಗೆಯೇ, ಇದ್ದಿಲು ಬಣ್ಣವನ್ನು ಹೀರುತ್ತದೆಯೇ ಹೊರತು ಕಳೆದುಹೋದ ಕಾರ್ಬೊನೇಟನ್ನು ಮರಳಿ ತಂದುಕೊಡುವುದಿಲ್ಲ.

ಕಾಳಿದಂಡೆ (ಕಾರವಾರ):

ಉತ್ತರಿಸಿದ ಎಲ್ಲರಿಗೂ ಕೃತಜ್ಞತೆಗಳು. ಕಿಟ್ ಮತ್ತು ಟಿಡಿಎಸ್ ಮೀಟರ್ ತರಿಸಿಕೊಂಡು ಅಳೆದಿದ್ದೇನೆ. ಕೊರಡು ಇನ್ನೂ ಡ್ರಮ್ಮಿನಲ್ಲಿಯೇ ಇದೆ ಎಂಬುದನ್ನು ಗಮನದಲ್ಲಿಟ್ಟುಕೊಂಡು ಈ ಅಂಕಿಗಳನ್ನು ನೋಡಬೇಕು. ಬಾವಿಯ ನೀರಿನ ಪಿಎಚ್ 6.6, ಕೆಎಚ್ 2 ಡಿಗ್ರಿ, ಟಿಡಿಎಸ್ 58. ತೊಟ್ಟಿಯ ನೀರಿನಲ್ಲಿ ಪಿಎಚ್ ಕಿಟ್ ತೋರಿಸುವ ಅತ್ಯಂತ ಕೆಳಗಿನ ಬಣ್ಣವಾದ 6ಕ್ಕೆ ಬಂದು ನಿಂತಿದೆ. ಕೆಎಚ್ ಪರೀಕ್ಷೆಯಲ್ಲಿ ಮೊದಲನೆಯ ಹನಿಗೇ ಬಣ್ಣ ಬದಲಾಯಿತು, ಅಂದರೆ ಒಂದು ಡಿಗ್ರಿಗೂ ಕಡಿಮೆ. ಅಮೋನಿಯಾ ಲೀಟರಿಗೆ 1 ಮಿಲಿಗ್ರಾಂ ತೋರಿಸುತ್ತಿದೆ. ಮೀನುಗಳು ಮಾತ್ರ ಎಂದಿನಂತೆಯೇ ಚುರುಕಾಗಿವೆ.

ಕೊರಡಿನ ನೀರಿನ ಟಿಡಿಎಸ್ ಮೊದಲ ಮೂರು ದಿನಗಳ ನಂತರ 910 ಇತ್ತು, ಎರಡನೆಯ ಸಲ 430, ಈಗ ಮೂರನೆಯ ಸಲ 240. ಅಂಕೋಲಾದವರು ಹೇಳಿದಂತೆ ಕಡ್ಡಿ ತೂರಿಸಿದಾಗ ತೂತಿನಿಂದ ಹೊರಬಂದದ್ದರ ವಾಸನೆಯನ್ನು ಇಲ್ಲಿ ವರ್ಣಿಸುವುದಿಲ್ಲ.

ನನಗೆ ಕಳವಳವಾಗಿರುವುದು ಅಮೋನಿಯಾದಿಂದ. ಇಂದೇ ಅರ್ಧಕ್ಕಿಂತ ಹೆಚ್ಚು ನೀರು ಬದಲಿಸಿ, ಸೋಡಾ ಹಾಕಿ ಪಿಎಚ್ ಅನ್ನು 7.5ಕ್ಕೆ ಏರಿಸಲೇ?

ತೋಟದಮನೆ (ಶಿರಸಿ):

ದಯವಿಟ್ಟು ಹಾಗೆ ಮಾಡಬೇಡಿ. ನಿಮ್ಮ ಮೀನುಗಳು ಇಂದು ಚುರುಕಾಗಿರುವುದು ಪಿಎಚ್ ತಗ್ಗಿನಲ್ಲಿರುವುದರಿಂದಲೇ. ಆಮ್ಲೀಯ ನೀರಿನಲ್ಲಿ ಅಮೋನಿಯಾದ ಬಹುಭಾಗ ಅಮೋನಿಯಂ ರೂಪದಲ್ಲಿರುತ್ತದೆ, ಅದು ಮೀನಿಗೆ ಅಷ್ಟು ಅಪಾಯಕಾರಿಯಲ್ಲ. ನೀರು 25 ಡಿಗ್ರಿ ಉಷ್ಣತೆಯಲ್ಲಿದ್ದಾಗ ಪಿಎಚ್ 7ರಲ್ಲಿ ವಿಷರೂಪದ ಅಮೋನಿಯಾ ಒಟ್ಟಿನಲ್ಲಿ ಶೇ 0.6ರಷ್ಟಿದ್ದರೆ, ಪಿಎಚ್ 8ರಲ್ಲಿ ಅದು ಶೇ 5ನ್ನು ದಾಟುತ್ತದೆ. ನೀವು ಒಂದೇ ದಿನದಲ್ಲಿ ಪಿಎಚ್ ಏರಿಸಿದರೆ, ಇಷ್ಟು ದಿನ ನಿರುಪದ್ರವಿಯಾಗಿ ಕುಳಿತಿದ್ದದ್ದು ಗಂಟೆಗಳಲ್ಲಿ ವಿಷವಾಗಿ ಏಳುತ್ತದೆ. ಎಷ್ಟೋ ಮಂದಿ ‘ನೀರು ಬದಲಿಸಿದ ಮರುದಿನವೇ ಮೀನು ಸತ್ತವು’ ಎಂದು ಹೇಳಿಕೊಳ್ಳುವುದರ ಹಿಂದೆ ಇದೇ ಕಾರಣ ಅಡಗಿರುವುದುಂಟು.

ನಿಮ್ಮ ಅಂಕಿಗಳಲ್ಲಿ ಗಮನಿಸಬೇಕಾದದ್ದೆಂದರೆ, ಕೊರಡು ತೊಟ್ಟಿಗೆ ಇಳಿಯುವ ಮೊದಲೇ ಕಾರ್ಬೊನೇಟ್ ಬರಿದಾಗಿದೆ. ಸೂಕ್ಷ್ಮಾಣುಗಳು ಒಂದು ಮಿಲಿಗ್ರಾಂ ಅಮೋನಿಯಾ-ಸಾರಜನಕವನ್ನು ನೈಟ್ರೇಟ್ ಮಾಡುವಾಗ ಸುಮಾರು 7 ಮಿಲಿಗ್ರಾಂ ಕ್ಯಾಲ್ಸಿಯಂ ಕಾರ್ಬೊನೇಟಿನಷ್ಟು ಕ್ಷಾರವನ್ನು ನುಂಗುತ್ತವೆ. ಬಾವಿಯಿಂದ ಬರುವುದೇ ಎರಡು ಡಿಗ್ರಿ. ವಾರಕ್ಕೆ ಕಾಲು ಭಾಗ ನೀರಿನಿಂದ ಆ ಖರ್ಚು ತುಂಬುತ್ತಿಲ್ಲ. ಬಸವನಹುಳುಗಳು ತಮ್ಮ ಚಿಪ್ಪನ್ನೇ ಕರಗಿಸಿಕೊಂಡು ನಿಮಗೆ ಅದನ್ನು ತೋರಿಸುತ್ತಿವೆ. ಈ ಸ್ಥಿತಿಯಲ್ಲಿ ಕೊರಡನ್ನು ಇಳಿಸಿದ್ದರೆ ಮುಂದಾಗುವ ಅನಾಹುತಕ್ಕೆಲ್ಲ ನಾವು ಕೊರಡನ್ನೇ ಬೈಯುತ್ತಿದ್ದೆವು.

ಮೀನುಗಳಿಗೆ ಊಟವನ್ನು ದಿನ ಬಿಟ್ಟು ದಿನ, ಒಂದು ಚಿಟಿಕೆಯಷ್ಟೇ ಕೊಡಿ. ದಿನಕ್ಕೆ ಹತ್ತು ಲೀಟರಿನಂತೆ ನೀರು ಬದಲಿಸಿ. ನಿಮ್ಮ ಬಾವಿ ನೀರೂ 6.6ರಲ್ಲೇ ಇರುವುದರಿಂದ ಇಷ್ಟು ಪ್ರಮಾಣದಲ್ಲಿ ಅಪಾಯವಿಲ್ಲ. ಅಮೋನಿಯಾ 0.25ಕ್ಕೆ ಇಳಿದ ಮೇಲೆ ಕಾರ್ಬೊನೇಟ್ ತುಂಬಲು ಶುರುಮಾಡಿ. ಅಡುಗೆ ಸೋಡಾ 100 ಲೀಟರಿಗೆ 3 ಗ್ರಾಂ ಹಾಕಿದರೆ ಕೆಎಚ್ ಸರಿಸುಮಾರು ಒಂದು ಡಿಗ್ರಿ ಏರುತ್ತದೆ. ಒಂದು ಡಿಗ್ರಿಯನ್ನು ಮೂರು ದಿನಕ್ಕೆ ಹಂಚಿ, ಪ್ರತಿ ಸಲವೂ ಬಕೆಟ್ಟಿನ ನೀರಿನಲ್ಲಿ ಕರಗಿಸಿ ಹಾಕಿ. ಆದರೆ ಸೋಡಾದಲ್ಲಿ ಚಿಪ್ಪಿಗೆ ಬೇಕಾದ ಕ್ಯಾಲ್ಸಿಯಂ ಇಲ್ಲವಾದ್ದರಿಂದ ಅದು ತಾತ್ಕಾಲಿಕ ಉಪಾಯವಷ್ಟೇ. ಶಾಶ್ವತ ಉಪಾಯ ನಿಮ್ಮೂರಿನ ಮೀನುಪೇಟೆಯಲ್ಲಿಯೇ ಇದೆ: ಚಿಪ್ಪೆಕಲ್ಲಿನ ಖಾಲಿ ಚಿಪ್ಪುಗಳನ್ನು ಕುದಿಸಿ, ಬಿಸಿಲಿನಲ್ಲಿ ಒಣಗಿಸಿ, ಒರಟಾಗಿ ಜಜ್ಜಿ, ಎರಡು ಹಿಡಿಯಷ್ಟನ್ನು ಬಲೆಯ ಚೀಲದಲ್ಲಿ ಕಟ್ಟಿ ಫಿಲ್ಟರಿನ ನೀರು ಹಾದುಹೋಗುವಲ್ಲಿ ಇಡಿ. ನೀರು ಆಮ್ಲೀಯವಾದಷ್ಟೂ ಚಿಪ್ಪು ಹೆಚ್ಚು ಕರಗುತ್ತದೆ, ಆಮ್ಲ ಇಳಿದಂತೆ ಕರಗುವುದೂ ನಿಧಾನವಾಗುತ್ತದೆ. ಅಳತೆ ತಪ್ಪುವ ಭಯವಿಲ್ಲ. ಕೆಎಚ್ 3 ಡಿಗ್ರಿಯಲ್ಲಿ ಎರಡು ವಾರ ಸ್ಥಿರವಾಗಿ ನಿಂತ ಮೇಲೆ ಕೊರಡನ್ನು ಇಳಿಸಿ. ಅಷ್ಟರಲ್ಲಿ ಅದರ ಉಪ್ಪೂ ಹೋಗಿರುತ್ತದೆ.

ತೇಲುವ ತುದಿಗೆ ಭಾರ ಕಟ್ಟಬೇಕಾದರೆ ಗ್ರಾನೈಟಿನ ಚೂರನ್ನು ಸ್ಟೇನ್‌ಲೆಸ್ ಸ್ಟೀಲಿನ ತಿರುಪಿನಿಂದ ಬಿಗಿಯಿರಿ. ಕಬ್ಬಿಣದ ಮೊಳೆ ಬೇಡ. ಅಳಲೆಕಾಯಿಯ ಒಗರಿಗೆ ಕಬ್ಬಿಣ ಬೆರೆಸಿ ಶಾಯಿ ಮಾಡುತ್ತಿದ್ದವರ ನಾಡು ನಮ್ಮದು, ಅದೇ ಶಾಯಿ ನಿಮ್ಮ ಕೊರಡಿನ ಮೇಲೂ ಇಳಿಯುತ್ತದೆ. ಕಡಪ ಕಲ್ಲು ಸುಣ್ಣದ ಜಾತಿಯ ಕಲ್ಲು, ಲಿಂಬೆರಸ ಬಿಟ್ಟರೆ ನೊರೆಯೇಳುತ್ತದೆ. ಅದನ್ನು ಬಳಸಿದರೆ ಚಿಪ್ಪಿನ ಜೊತೆಗೆ ಅದೂ ಕರಗಿ ಲೆಕ್ಕ ಕೆಡುತ್ತದೆ. ಮುಖ್ಯವಾಗಿ, ಕೊರಡನ್ನು ಎರಡು ಗಾಜುಗಳ ನಡುವೆ ಬಿಗಿಯಾಗಿ ಸಿಕ್ಕಿಸಬೇಡಿ. ನೀರು ಕುಡಿದ ಕಟ್ಟಿಗೆ ಹಿಗ್ಗುತ್ತದೆ.

ಕಾಡಂಚು (ಯಲ್ಲಾಪುರ):

ಇಷ್ಟು ಚರ್ಚೆಯಲ್ಲಿ ಯಾರೂ ಎತ್ತದ ಎರಡು ವಿಷಯಗಳನ್ನು ಸೇರಿಸುತ್ತೇನೆ.

ಮೊದಲನೆಯದು ಮರದ ಜಾತಿ. ಸಮುದ್ರದಲ್ಲಿ ತಿಂಗಳುಗಟ್ಟಲೆ ತೊಳೆದುಹೋದ ಗಟ್ಟಿ ತಿರುಳಿನಲ್ಲಿ ಹಾಲು, ಅಂಟು ಉಳಿದಿರುವ ಸಂಭವ ಕಡಿಮೆ. ನಿಮ್ಮ ಕೊರಡಿನ ಬಗ್ಗೆ ನನಗೆ ಹೆಚ್ಚು ಆತಂಕವಿಲ್ಲ. ಆದರೆ ಇದನ್ನು ಓದಿ ಬೆಟ್ಟದಿಂದ ಕೊಂಬೆ ಮುರಿದು ತರುವವರು ಎಚ್ಚರದಿಂದಿರಬೇಕು. ಕಾಸರಕದ ಮರದಲ್ಲಿ ಸ್ಟ್ರಿಕ್ನಿನ್ ವಿಷವಿದೆ. ಗೇರಿನ ಹಸಿ ಕಟ್ಟಿಗೆಯ ಸೊನೆ ಚರ್ಮವನ್ನು ಸುಡುತ್ತದೆ. ಕಾಂಡ್ಲಾ (ಮ್ಯಾಂಗ್ರೋವ್) ವನಗಳಲ್ಲಿ ಬಿಳಿ ಹಾಲು ಸುರಿಸುವ ಒಂದು ಜಾತಿಯ ಮರವಿದ್ದು, ಆ ಹಾಲು ಕಣ್ಣಿಗೆ ಬಿದ್ದರೆ ದೃಷ್ಟಿಗೇ ಕುತ್ತು. ಕಾರೆಕಾಯಿಯನ್ನು ಜಜ್ಜಿ ಹಳ್ಳದ ಮಡುವಿಗೆ ಹಾಕಿ ಮೀನು ಹಿಡಿಯುತ್ತಿದ್ದ ಕ್ರಮವನ್ನು ಹಿರಿಯರು ಬಲ್ಲರು. ಮೀನನ್ನು ಮತ್ತೇರಿಸುವ ಗಿಡದ ಬೇರನ್ನು ಮೀನಿನ ತೊಟ್ಟಿಗೆ ತಂದಿಡುವುದು ವಿವೇಕವಲ್ಲ. ಮನೆಯಂಗಳದ ಪೇರಲದ ಒಣ ಬೇರು ಗಟ್ಟಿಯಾಗಿಯೂ ನಿರಪಾಯಕಾರಿಯಾಗಿಯೂ ಇರುತ್ತದೆ.

ಎರಡನೆಯದು ಕಾನೂನು. 1963ರ ಕರ್ನಾಟಕ ಅರಣ್ಯ ಕಾಯ್ದೆಯ ಪ್ರಕಾರ, ತೇಲಿ ಬಂದ, ದಡಕ್ಕೆ ಬಿದ್ದ ಅಥವಾ ಮುಳುಗಿದ ನಾಟಾ, ಬೇರೆಯವರು ತಮ್ಮ ಹಕ್ಕನ್ನು ಸಾಬೀತುಪಡಿಸುವ ತನಕ ಸರ್ಕಾರದ ಸ್ವತ್ತು. ಆ ಕಾಯ್ದೆಯಲ್ಲಿ ನಾಟಾ ಎಂಬುದರ ವ್ಯಾಖ್ಯೆ ಬಿದ್ದ ಮರಗಳನ್ನೂ ಎಲ್ಲ ಬಗೆಯ ಕಟ್ಟಿಗೆಯನ್ನೂ ಒಳಗೊಳ್ಳುವಷ್ಟು ವಿಶಾಲವಾಗಿದೆ. ಎರಡು ಅಡಿಯ ಬೇರಿಗಾಗಿ ಯಾರೂ ಮನೆ ಬಾಗಿಲಿಗೆ ಬರಲಿಕ್ಕಿಲ್ಲವೆಂದು ನನ್ನ ಅಂದಾಜು. ಹಾಗಿದ್ದರೂ ದೊಡ್ಡ ದಿಮ್ಮಿ, ಸಾಗವಾನಿ, ಬೀಟೆ ಕಂಡರೆ ಸಮೀಪದ ಅರಣ್ಯ ಕಚೇರಿಯಲ್ಲಿ ಕೇಳದೆ ಎತ್ತಬೇಡಿ. ಕಾಂಡ್ಲಾ ವನಗಳಂತೂ ಕರಾವಳಿ ನಿಯಂತ್ರಣ ವಲಯದ ಮೊದಲ ವರ್ಗಕ್ಕೆ ಸೇರಿವೆ, ಅಲ್ಲಿಂದ ಒಣಗಿದ ಬೇರನ್ನೂ ಕೀಳಬಾರದು.

ಕಾಳಿದಂಡೆ (ಕಾರವಾರ):

ಆರು ವಾರಗಳ ನಂತರ ಬರೆಯುತ್ತಿದ್ದೇನೆ. ಅಮೋನಿಯಾ ಒಂಬತ್ತನೆಯ ದಿನಕ್ಕೆ 0.25ಕ್ಕೆ ಬಂತು, ಈಗ ಸೊನ್ನೆ. ಸೋಡಾವನ್ನು ಆರು ದಿನ ಮಾತ್ರ ಬಳಸಿದೆ. ಆಮೇಲೆ ಚಿಪ್ಪಿನ ಚೀಲವೇ ಕೆಎಚ್ ಅನ್ನು 3ರಲ್ಲಿಯೂ ಪಿಎಚ್ ಅನ್ನು 6.8ರಲ್ಲಿಯೂ ಹಿಡಿದಿಟ್ಟಿದೆ. ಕೊರಡಿನ ನೀರು ಎಂಟನೆಯ ಸಲ 81 ತೋರಿಸಿದಾಗ, ಬಾಡಿಗೆಯ ಅಲ್ಯೂಮಿನಿಯಂ ಪಾತ್ರೆಯಲ್ಲಿ ಒಂದೂವರೆ ತಾಸು ಕುದಿಸಿದೆ. ತೂತಿದ್ದ ಬೇರು ಒತ್ತಿದರೆ ಕುಸಿಯುತ್ತಿದ್ದುದರಿಂದ ಅದನ್ನು ಕತ್ತರಿಸಿ ತೆಗೆದೆ, ಅದು ಅಮ್ಮನ ಇಚ್ಛೆಯಂತೆ ಒಲೆ ಸೇರಿತು.

ತೊಟ್ಟಿಗೆ ಇಳಿಸಿ ಹದಿನೇಳು ದಿನಗಳಾದವು. ಐದನೆಯ ದಿನ ಕೊರಡಿನ ತುಂಬ ಹತ್ತಿಯಂತಹ ಬಿಳಿ ಲೋಳೆ ಹಬ್ಬಿತ್ತು. ಕಿತ್ತು ಹೊರಹಾಕಲೆಂದು ಕೈ ಹಾಕಿದಾಗ, ಬಸವನಹುಳುಗಳೆಲ್ಲ ಅಲ್ಲಿಯೇ ಮುತ್ತಿಕೊಂಡು ಮೇಯುತ್ತಿರುವುದನ್ನು ಕಂಡು ಹಾಗೆಯೇ ಬಿಟ್ಟೆ. ಈಗ ಮುಕ್ಕಾಲು ಭಾಗ ಮಾಯವಾಗಿದೆ. ಹುಳುಗಳ ಹಳೆಯ ಸವೆತ ಹಾಗೆಯೇ ಉಳಿದಿದ್ದರೂ ಬಾಯಿಯ ಅಂಚಿನಲ್ಲಿ ಹೊಸದಾಗಿ ಬೆಳೆದ ಚಿಪ್ಪು ನುಣುಪಾಗಿ ಕಂದಾಗಿದೆ. ಎರಡು ಅನುಬಿಯಾಸ್ ಗಿಡಗಳನ್ನು ಗಡ್ಡೆ ಮರಳಿನಲ್ಲಿ ಹೂತುಹೋಗದಂತೆ ಹತ್ತಿಯ ದಾರದಿಂದ ಕೊರಡಿಗೆ ಕಟ್ಟಿದ್ದೇನೆ. ನೀರು ತೆಳು ಚಹಾದ ಬಣ್ಣಕ್ಕೆ ಬಂದಿದೆ, ಹೊನ್ನಾವರದವರ ಮಾತಿಗೆ ಬೆಲೆ ಕೊಟ್ಟು ಇದ್ದಿಲು ಹಾಕಿಲ್ಲ.

ಒಂದು ತಪ್ಪನ್ನು ಮಾತ್ರ ಮಾಡಿದ್ದೆ. ಇಳಿಸುವಾಗ ಒಂದು ಬೇರಿನ ತುದಿಗೂ ಹಿಂದಿನ ಗಾಜಿಗೂ ನಡುವೆ ಬೆರಳು ತೂರುವಷ್ಟು ಸಂದು ಇದ್ದುದರಿಂದ ಸಾಕೆಂದುಕೊಂಡಿದ್ದೆ. ಕಳೆದ ಭಾನುವಾರ ನೋಡಿದರೆ ಅಲ್ಲಿ ಕಾಗದವೂ ತೂರುತ್ತಿರಲಿಲ್ಲ. ಕೊರಡು ಹಿಗ್ಗಿತೋ, ಮರಳಿನಲ್ಲಿ ಜಗ್ಗಿ ಹಿಂದಕ್ಕೆ ವಾಲಿತೋ ತಿಳಿಯಲಿಲ್ಲ. ಕೂಡಲೇ ಹೊರತೆಗೆದು ಆ ತುದಿಯಿಂದ ಎರಡು ಇಂಚು ಕೊಯ್ದು, ಮತ್ತೆ ಇಳಿಸಿದ್ದೇನೆ.